ಎರಡು ಬೆರಳು ಹೆಚ್ಚು

ಸೆಪ್ಟೆಂಬರ್ ೧೧

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಇದು ಅಳುವ ಕಾಗದ ಅಲ್ಲ. ಮೊನ್ನೆ ಫೋನಿನಲ್ಲಿ ನನ್ನ ದನಿ ಕೇಳಿ ಅಮ್ಮ, "ಮಗು ಸೊರಗಿ ಹೋಗಿದೆ" ಎಂದು ಬೀದಿಗೆಲ್ಲ ಸಾರಿದಳಂತೆ. ಸೊರಗಿಲ್ಲ, ನೆಗಡಿ. ಫೋನು ಅಮ್ಮನಿಗೆ, ಕಾಗದ ನಿನಗೆ ಎಂದು ಹೊರಡುವಾಗ ಮಾಡಿಕೊಂಡ ಒಪ್ಪಂದ ಒಳ್ಳೆಯದೇ ಆಯಿತು. ನಾವಿಬ್ಬರೂ ಫೋನಿನಲ್ಲಿ ಮಾತಿಗಿಳಿದರೆ ಮೂರನೇ ಮಾತಿಗೆ ಜಗಳ. ಕಾಗದದಲ್ಲಾದರೆ ಜಗಳ ತಲುಪುವುದಕ್ಕೇ ಹತ್ತು ಹನ್ನೆರಡು ದಿನ ಬೇಕು.

ಈ ವಿನ್ಯಾಸದ ಕಾಲೇಜಿನಲ್ಲಿ ಯಾರೂ ನಡೆಯುವುದಿಲ್ಲ, ಓಡುತ್ತಾರೆ. ಕಂಕುಳಲ್ಲಿ ಹಲಗೆ, ಕಿವಿಯ ಮೇಲೆ ಪೆನ್ಸಿಲು, ಬಾಯಲ್ಲಿ ಅರ್ಧ ಬ್ರೆಡ್ಡು. ಎರಡೂ ಕೈ ತುಂಬಿರುವುದರಿಂದ ಬಾಗಿಲನ್ನು ಕಾಲಿನಿಂದ ತೆರೆಯುತ್ತಾರೆ. ಮೊದಲ ದಿನ ನಾನು ಬಾಗಿಲ ಪಕ್ಕ ನಿಂತು ಎಲ್ಲರಿಗೂ ದಾರಿ ಬಿಟ್ಟು ಬಿಟ್ಟು ತರಗತಿಗೇ ತಡವಾದೆ. ಈಗ ನಾನೂ ಕಾಲಿನಿಂದಲೇ ತೆರೆಯುತ್ತೇನೆ. ಅಮ್ಮನಿಗೆ ಹೇಳಬೇಡ.

ಕುರ್ಚಿ ತರಗತಿಯ ಮೇಷ್ಟ್ರಿಗೆ ಗರಗಸ ಎಂದು ಹೆಸರಿಟ್ಟಿದ್ದೇನೆ. ಸುಮ್ಮನೆ ಇಟ್ಟದ್ದಲ್ಲ, ಕೇಳು. ಇಲ್ಲೊಂದು ಪದ್ಧತಿಯಿದೆ. ನಾವು ವಾರಗಟ್ಟಲೆ ಒದ್ದಾಡಿ ಮಾಡಿದ್ದನ್ನು ಎಲ್ಲರೆದುರು ತಂದಿಟ್ಟು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಅವರು ಸುತ್ತ ತಿರುಗಿ ನೋಡಿ, ಯಾವ ಭಾಗ ಬೇಕಿಲ್ಲ ಅನ್ನಿಸುತ್ತದೋ ಅದನ್ನು ಪುಟ್ಟ ಗರಗಸದಿಂದ ಅಲ್ಲೇ ಕೊಯ್ದು ಹಾಕುತ್ತಾರೆ. ತುಂಡಿನ ಮೇಲೆ ಹೆಸರು ಬರೆದು ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತಾರೆ. ಗೋಡೆ ತುಂಬ ಕುರ್ಚಿಯ ಕಾಲು, ತೋಳು, ಬೆನ್ನಿನ ಮೂಲೆ. ಹಳೇ ವಿದ್ಯಾರ್ಥಿಗಳು ತಮ್ಮ ಮಕ್ಕಳನ್ನು ಕರೆತಂದು, "ನೋಡು, ಅದು ನಂದು" ಎಂದು ತೋರಿಸುತ್ತಾರಂತೆ. ಕೊಯ್ಸಿಕೊಂಡವರಿಗೆ ಚಪ್ಪಾಳೆ ಬೇರೆ! ನನಗೋ ಮೈಯೆಲ್ಲ ಉರಿದುಹೋಯಿತು. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಗರಗಸ ಇಡುವುದೇ?

ಈ ಅವಧಿಯ ಕೆಲಸ ಒಂದೇ ಸಾಲಿನದು: ನಿಮ್ಮ ಮೈಗೆ ಒಂದು ಕುರ್ಚಿ ಮಾಡಿ. ಇದರಲ್ಲಿ ಪಾಸಾಗದ ವಿನಿಮಯದ ವಿದ್ಯಾರ್ಥಿಗಳನ್ನು ವರ್ಷ ತುಂಬುವ ಮೊದಲೇ ವಾಪಸ್ ಕಳಿಸುತ್ತಾರಂತೆ. ಕಳಿಸಲಿ ನೋಡೋಣ.

ಅದಕ್ಕೆ ನನ್ನ ಅಳತೆ ಬೇಕು. ಬೇರೆಯವರೆಲ್ಲ ಜೋಡಿ ಜೋಡಿಯಾಗಿ ಒಬ್ಬರನ್ನೊಬ್ಬರು ಅಳೆದುಕೊಂಡರು. ನಾನು ತಡವಾಗಿ ಬಂದು ಸೇರಿದ್ದರಿಂದ ಜೋಡಿಯಿಲ್ಲದೆ ಉಳಿದೆ. ಯಾರನ್ನಾದರೂ ಕೇಳಬಹುದಿತ್ತು. ಯಾಕೆ ಕೇಳಲಿ? ಹುಟ್ಟಿದಾಗಿನಿಂದ ನನ್ನ ಬಟ್ಟೆಗೆ ಅಳತೆ ತೆಗೆದವಳು ನೀನು. ಬೇಗ ಬರೆದು ಕಳಿಸು.

ನಿನ್ನ ತಂಗಿ


ಸೆಪ್ಟೆಂಬರ್ ೨೮

ಮೊಂಡೀ,

ನಿನ್ನ ಕಾಗದವನ್ನು ಅಮ್ಮ ನನಗಿಂತ ಮೊದಲೇ ಒಡೆದು ಓದಿದಳು. ಬಾಗಿಲನ್ನು ಕಾಲಿನಿಂದ ತೆರೆಯುವ ವಿಷಯ ಈಗ ಬೀದಿಗೆಲ್ಲ ಗೊತ್ತು.

ಕುರ್ಚಿ ಮಾಡುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇ? ಕೂತರೆ ಮುರಿಯಬಾರದು, ಎದ್ದರೆ ಅಂಟಬಾರದು, ಇಷ್ಟೇ ತಾನೇ? ಇರಲಿ, ನಗಬೇಡ ಅಂತ ನೀನು ಅನ್ನುವ ಮೊದಲೇ ಹೇಳುತ್ತೇನೆ: ನಕ್ಕೆ. ಆಮೇಲೆ ಕೂತು ಅಳತೆ ಬರೆದೆ. ಹಿಂದಿನ ಪುಟ ನೋಡು. ಭುಜ, ಸೊಂಟ, ನಡುವಿನಿಂದ ಮಂಡಿ, ಮಂಡಿಯಿಂದ ಪಾದ, ಎಲ್ಲಾ ಇದೆ. ಯಾವ ಪುಸ್ತಕವನ್ನೂ ನೋಡಿ ಬರೆದದ್ದಲ್ಲ. ನಿನ್ನ ಅಳತೆ ನನಗೆ ಬಾಯಿಪಾಠ.

ಆ ಮೇಷ್ಟ್ರ ಹತ್ತಿರ ವಾದಕ್ಕೆ ನಿಲ್ಲಬೇಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ನಿನ್ನ ಬುದ್ಧಿಯನ್ನು ಸಹಿಸಿಕೊಳ್ಳಲು ಅಲ್ಲಿ ಯಾರೂ ಕೂತಿಲ್ಲ. ಗೆಳತಿಯರು ಸಿಕ್ಕರಾ? ಊಟಕ್ಕೆ ಯಾರ ಜೊತೆ ಕೂರುತ್ತೀಯ? ಗೋಡೆಯ ಬಗ್ಗೆ ಇಷ್ಟುದ್ದ ಬರೆದೆ, ಅದರ ಬಗ್ಗೆ ಒಂದಕ್ಷರ ಇಲ್ಲ.

ಹೊಲಿಗೆ ಅಂಗಡಿಯಲ್ಲಿ ಶಾಲೆ ಮಕ್ಕಳ ಯೂನಿಫಾರಂ ಕೆಲಸ ಶುರುವಾಗಿದೆ. ಕತ್ತರಿಸುವ ಮೇಜು ಪೂರ್ತಿ ನನ್ನದೇ. ಅಂಗಡಿ ಯಜಮಾನರಿಗೂ ನನಗೂ ದಿನಾ ಒಂದು ಮಾತು ಬರುತ್ತದೆ, ಅದು ಇದ್ದದ್ದೇ.

ಅಕ್ಕ


ಅಕ್ಟೋಬರ್ ೨೫

ಅಕ್ಕಾ,

ಬೇಕಂತಲೇ ಮಾಡಿದೆಯಾ? ಮೊದಲು ಇದಕ್ಕೆ ಉತ್ತರ ಕೊಡು, ಆಮೇಲೆ ಮಿಕ್ಕದ್ದು.

ನಿನ್ನ ಅಳತೆಯನ್ನು ನಂಬಿ ಮಾಡಿದೆ. ಮೊಳೆಯಿಲ್ಲದ ಜೋಡಣೆ, ಎರಡು ಕಡೆ ತೋಳು. ತೋಳಿಗೆ ಸ್ಯಾಂಡ್‌ಪೇಪರ್ ಉಜ್ಜಿ ಉಜ್ಜಿ ನನ್ನ ಬೆರಳುಗಳೇ ನುಣ್ಣಗಾದವು. ಇಡೀ ತರಗತಿಯಲ್ಲಿ ನನ್ನದರಷ್ಟು ಚೆನ್ನಾದ ಕುರ್ಚಿ ಇರಲಿಲ್ಲ ಅಂತ ನಾನು ಹೇಳುವುದಲ್ಲ, ಪಕ್ಕದ ಮೇಜಿನ ಉದ್ದ ಜಡೆಯವಳು ಹೇಳಿದಳು. ನನ್ನ ಜೊತೆ ಅವಳು ಆಡಿದ ಮೊದಲ ಮಾತು ಅದು.

ಗುರುವಾರ ಎಲ್ಲರೆದುರು ಇಟ್ಟೆ. ಗರಗಸದ ಮೇಷ್ಟ್ರು ಸುತ್ತ ಬಂದರು. (ಅವರ ಮಾತನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ. ಉಪ್ಪುಖಾರ ನನ್ನದು.)

"ಕೂತ್ಕೋ" ಅಂದರು.

ಕೂತೆ. ಅಕ್ಕಾ, ನನ್ನ ಕಾಲು ನೆಲ ಮುಟ್ಟಲಿಲ್ಲ. ಚಿಕ್ಕ ಮಕ್ಕಳ ಹಾಗೆ ತೂಗಾಡಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಜೇಬಿನಿಂದ ಟೇಪು ತೆಗೆದು ಎಲ್ಲರೆದುರು ನನ್ನನ್ನು ಅಳೆದರು, ಆಮೇಲೆ ಕುರ್ಚಿಯನ್ನು ಅಳೆದರು.

"ಎಲ್ಲಾ ಕಡೆ ಎರಡು ಬೆರಳು ಹೆಚ್ಚಿದೆಯಲ್ಲ. ಇದು ಯಾರ ಮೈ?"

ನಾನು ಬಾಯಿ ಬಿಡಲಿಲ್ಲ. ಬಿಡುವ ಹಾಗೂ ಇಲ್ಲವಲ್ಲ. ಅವರು ಗರಗಸ ತೆಗೆದು ಮುಂಗಾಲಿನ ಮೇಲೆ ಇಟ್ಟರು. ಆಗ ನನಗೇನಾಯಿತೋ, ಕೈ ಅಡ್ಡ ಇಟ್ಟೆ.

"ಮುಟ್ಬೇಡಿ."

"ಇಲ್ಲಿ ಮಾತಾಡೋ ಹಾಗಿಲ್ಲ."

"ಮಾತಾಡಿದ್ದಾಯ್ತಲ್ಲ. ತಪ್ಪಿದ್ರೆ ನಾನೇ ಸರಿ ಮಾಡ್ಕೋತೀನಿ. ನನ್ನ ಕುರ್ಚಿಗೆ ನೀವು ಗರಗಸ ಇಡ್ಬೇಡಿ."

ನಾನು ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಮೆಟ್ಟಿಲಿಳಿದು ನೇರ ನನ್ನ ರೂಮಿಗೆ ಬಂದೆ. ಆ ಗೋಡೆ ಕಟ್ಟಿದಾಗಿನಿಂದ ಹೀಗೆ ಆಗಿಲ್ಲವಂತೆ. ಮರುದಿನ ವಿಭಾಗದ ಮುಖ್ಯಸ್ಥೆ ಕರೆಸಿದರು. ಅವರದು ತಣ್ಣಗಿನ ದನಿ, ಕೇಳಿದರೆ ಬೈದದ್ದೇ ಗೊತ್ತಾಗುವುದಿಲ್ಲ. ಡಿಸೆಂಬರಿನ ಕೊನೆಯ ಪರೀಕ್ಷೆಯೊಳಗೆ ಮೇಷ್ಟ್ರಿಗೆ ಕ್ಷಮಾಪಣೆ ಬರೆದುಕೊಡಬೇಕು, ಕುರ್ಚಿಯನ್ನು ಕೊಯ್ಯಲು ಬಿಡಬೇಕು. ಇಲ್ಲದಿದ್ದರೆ ಫೇಲು, ಮನೆಯ ದಾರಿ.

ಈಗ ಹೇಳು. ನಾನು ವಿಮಾನ ಹತ್ತುವವರೆಗೂ "ಹೋಗಬೇಡ, ಹೋಗಬೇಡ" ಅಂದವಳು ನೀನು. ಅದಕ್ಕೇ ತಪ್ಪು ಅಳತೆ ಕಳಿಸಿದೆಯಾ?


ನವೆಂಬರ್ ೮

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟೇಪು ಹಿಡಿದು ನಿನ್ನ ಮೈಯನ್ನು ನೀನು ಅಳೆದುಕೊಳ್ಳಲಿಲ್ಲ, ಯಾರನ್ನೂ ಕೇಳಲೂ ಇಲ್ಲ, ಈಗ ಸಮುದ್ರದಾಚೆಯಿಂದ ನನ್ನ ಮೇಲೆ ಗೂಬೆ ಕೂರಿಸುತ್ತೀಯ. ಭೇಷ್.

ತಪ್ಪು ಅಳತೆಯಂತೆ! ಯಾರ ಮೈಗೂ ನಾನು ಟೇಪನ್ನು ಬಿಗಿದು ಹಿಡಿದವಳಲ್ಲ. ಟೇಪಿನೊಳಗೆ ಎರಡು ಬೆರಳು ಇಟ್ಟೇ ಅಳೆಯುವುದು. ಉದ್ದ ಅಳೆದರೂ ಎರಡು ಬೆರಳು ಕೆಳಗೇ ಗುರುತು ಹಾಕುವುದು. ಉಸಿರಾಡಬೇಡವೇ? ಬಗ್ಗಬೇಡವೇ? ಬೆಳೆಯಬೇಡವೇ? ನಿನ್ನ ಮೊದಲ ಲಂಗದಿಂದ ವಿಮಾನ ಹತ್ತುವಾಗ ಹಾಕಿಕೊಂಡ ಪ್ಯಾಂಟಿನವರೆಗೆ ಎಲ್ಲವನ್ನೂ ಹಾಗೇ ಹೊಲಿದಿದ್ದೇನೆ. ನಿನ್ನ ಬಿಗಿ ಅಳತೆ ನನಗೆ ಗೊತ್ತೇ ಇಲ್ಲ. ಕುರ್ಚಿಗೆ ಬಿಗಿ ಅಳತೆ ಬೇಕು ಅಂತ ನನಗೆ ಹೇಗೆ ಹೊಳೆಯಬೇಕು? ಹೋಗಬೇಡ ಅಂದದ್ದು ನಿಜ. ಹೋದಮೇಲೆ ಬಿದ್ದು ಬಾ ಅಂದೆನಾ? ಆ ಮಾತು ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಸರಿ, ಆದದ್ದಾಯಿತು. ಈಗ ಸುಮ್ಮನೆ ಬರೆದುಕೊಡು. ತಪ್ಪಾಯಿತು ಅಂದರೆ ನಾಲಿಗೆ ಸವೆಯುವುದಿಲ್ಲ. ಕೊಯ್ಯುವುದು ಕುರ್ಚಿಯ ಕಾಲನ್ನು, ನಿನ್ನದನ್ನಲ್ಲ. ಪಾಸು ಮಾಡಿಕೊಂಡು ಬಾ. ದೊಡ್ಡವರ ಎದುರು ಒಂದು ಸಲ ತಲೆ ತಗ್ಗಿಸಿದರೆ ಕಿರೀಟವೇನೂ ಬೀಳುವುದಿಲ್ಲ. ನನಗೆ ಅಂಗಡಿಯಲ್ಲಿ ಕೈತುಂಬ ಕೆಲಸ, ಇಷ್ಟೇ ಬರೆಯಲು ಪುರುಸೊತ್ತು.

ಅಕ್ಕ

ಮಗಳೇ, ಲಕೋಟೆ ಅಂಟಿಸುವ ಕೆಲಸ ನನಗೆ ಕೊಟ್ಟು ನಿಮ್ಮಕ್ಕ ಬಟ್ಟೆ ಒಣಹಾಕಲು ಹೋಗಿದ್ದಾಳೆ. ಕೈತುಂಬ ಕೆಲಸ ಅನ್ನುವುದು ಸುಳ್ಳು. ಇವಳು ಅಂಗಡಿಗೆ ಹೋಗಿ ತಿಂಗಳಾಯಿತು. ಯಾಕೆ ಅಂದರೆ ನನ್ನ ಮೇಲೇ ಹಾರುತ್ತಾಳೆ. ನೀನಾದರೂ ಕೇಳು. ಬೆಚ್ಚಗಿರು. ಬಾಗಿಲನ್ನು ಕೈಯಿಂದ ತೆರೆ. ಅಮ್ಮ


ನವೆಂಬರ್ ೨೨

ಅಕ್ಕಾ, ಕಳ್ಳೀ,

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ಕೈತುಂಬ ಕೆಲಸವಂತೆ. ಅಮ್ಮ ನಿನ್ನ ಕಾಗದದ ಕೆಳಗೇ ನಿನ್ನ ಬಣ್ಣ ಬಯಲು ಮಾಡಿದ್ದಾಳೆ. ಅಂಗಡಿಯಲ್ಲಿ ಏನಾಯಿತು? ನನಗೆ ತಲೆ ತಗ್ಗಿಸು ಅಂತ ಬರೆದವಳು ನೀನು ಎಲ್ಲಿ ತಲೆ ಎತ್ತಿ ಬಂದೆ? ಪೂರ್ತಿ ಬರಿ. ಅಲ್ಲೊಂದು ಇಲ್ಲೊಂದು ಹೇಳಿ ತೇಲಿಸಬೇಡ.

ನೀನು ನಿಜ ಹೇಳಲಿ ಅಂತ ನಾನು ಮೊದಲು ಹೇಳುತ್ತೇನೆ. ಇಲ್ಲಿ ನನಗೆ ಯಾರೂ ಇರಲಿಲ್ಲ. ಊಟದ ತಟ್ಟೆ ಹಿಡಿದು ಯಾವ ಮೇಜಿಗೆ ಹೋಗಲಿ ಎಂದು ಹುಡುಕುವುದು ಬೇಡ ಅಂತ ಕಾರ್ಯಾಗಾರದಲ್ಲೇ ಹಲಗೆಗಳ ನಡುವೆ ತಿನ್ನುತ್ತಿದ್ದೆ. ಟೇಪು ಹಿಡಿ ಅಂತ ಒಬ್ಬರನ್ನು ಕೇಳಲಾರದೆ ನಿನಗೆ ಬರೆದೆ. ನಿನ್ನ ಮೇಲೆ ಕೂಗಾಡಿದ್ದೂ ಅದಕ್ಕೇ. ಇಲ್ಲಿ ಕೂಗಾಡುವುದಕ್ಕೂ ಯಾರೂ ಇಲ್ಲ. ಬೇಕಂತಲೇ ಮಾಡಿದೆಯಾ ಅಂದದ್ದು ನೀಚ ಮಾತು. ಅದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಈಗ ಕುರ್ಚಿಯ ವಿಷಯ. ರೂಮು ಎಷ್ಟು ಚಿಕ್ಕದೆಂದರೆ ಕುರ್ಚಿ ಒಳಗೆ ಬಂದಮೇಲೆ ನಾನು ಕೂರಲು ಉಳಿದ ಜಾಗ ಅದೊಂದೇ. ದಿನಾ ಅದರಲ್ಲೇ ಕೂತು ಓದುತ್ತೇನೆ, ತಿನ್ನುತ್ತೇನೆ, ನಿನ್ನನ್ನು ಬೈಯುತ್ತೇನೆ. ಒಂದು ದಿನ ನೋಡಿಕೊಂಡರೆ ಒಂದು ಕಾಲು ಮಡಚಿ ತೊಡೆಯ ಕೆಳಗೆ ಹಾಕಿ ಕೂತಿದ್ದೇನೆ! ಮನೆಯಲ್ಲಿ ಕೂರುವುದು ಹಾಗೇ ತಾನೇ ನಾನು? ಅಮ್ಮ ಎಷ್ಟು ಗದರಿದರೂ ಬಿಟ್ಟವಳಲ್ಲ. ಜಡೆಯವಳ ಕುರ್ಚಿಯಲ್ಲಿ ಹಾಗೆ ಕೂರಲು ಹೋದೆ, ಮಂಡಿ ತೋಳಿಗೆ ಸಿಕ್ಕಿಕೊಂಡು ಇಬ್ಬರೂ ಸೇರಿ ಬಿಡಿಸಬೇಕಾಯಿತು. ನನ್ನದರಲ್ಲಿ ಸಲೀಸು. ಇನ್ನೊಂದು ಕಾಲು ತೂಗಾಡುತ್ತದೆ. ತೂಗಾಡಲಿ, ಯಾರಪ್ಪನ ಗಂಟೇನು ಹೋಯಿತು?

ಹಾಂ, ಜಡೆಯವಳು ಈಗ ವಾರಕ್ಕೆರಡು ಸಲ ಬರುತ್ತಾಳೆ. ಮೊದಲು ಬಂದದ್ದು ಕುರ್ಚಿ ನೋಡಲು. ಬಂದವಳೇ ಅದರಲ್ಲಿ ಕೂತು ನನ್ನ ಬಿಸ್ಕತ್ತನ್ನೆಲ್ಲ ಖಾಲಿ ಮಾಡಿ, "ಇದನ್ನ ಕೊಯ್ಯೋಕೆ ಬಿಟ್ರೆ ನಿನ್ನ ಜೊತೆ ಮಾತು ಬಿಡ್ತೀನಿ" ಅಂದಳು. ಅವಳ ತುಂಡು ಈಗಾಗಲೇ ಗೋಡೆಯಲ್ಲಿದೆ. ಅದರ ಮೇಲೆ ಅವಳಿಗಿರುವ ಸಿಟ್ಟನ್ನೆಲ್ಲ ನನ್ನ ಮೂಲಕ ತೀರಿಸಿಕೊಳ್ಳುತ್ತಿದ್ದಾಳೋ ಏನೋ.

ಮೊದಲು ಸರಿಮಾಡುತ್ತೇನೆ ಅಂದಿದ್ದೆ. ಈಗ ಮಾಡುವುದಿಲ್ಲ. ಹೇಗಿದೆಯೋ ಹಾಗೇ ತೆಗೆದುಕೊಂಡು ಹೋಗುತ್ತೇನೆ. ಬರೆದೂ ಕೊಡುವುದಿಲ್ಲ. ವಾಪಸ್ ಕಳಿಸಿದರೆ ಕುರ್ಚಿಯ ಸಮೇತ ಬರುತ್ತೇನೆ, ಜಾಗ ಮಾಡಿಡು.


ಡಿಸೆಂಬರ್ ೪

ಮೊಂಡೀ,

ಅಮ್ಮನ ಕೈಗೆ ಇನ್ನು ಲಕೋಟೆ ಕೊಡುವುದಿಲ್ಲ.

ಕೇಳು. ಯಜಮಾನರು ಯೂನಿಫಾರಂ ಕತ್ತರಿಸುವಾಗ ಒಳಗೆ ಬಟ್ಟೆ ಬಿಡಬೇಡ ಅಂದರು. ಹೊಲಿಗೆ ಹಾಕುವಷ್ಟು ಅಂಚು ಸಾಕು, ಅದಕ್ಕಿಂತ ಒಂದು ನೂಲೂ ಬೇಡ ಅಂತ. ನಾನು ಕೇಳಿದೆ, "ಮಕ್ಕಳು ಬೆಳೀತಾವಲ್ಲ, ಬಿಚ್ಚಿ ದೊಡ್ಡದು ಮಾಡೋದು ಹೇಗೆ?" ಅವರು ನಗುತ್ತಾ, "ಬೆಳೆದ್ರೆ ಹೊಸದು ಹೊಲಿಸ್ಲಿ" ಅಂದರು. ನಾನೂ ನಕ್ಕೆ, ಮತ್ತೆ ಬಟ್ಟೆ ಬಿಟ್ಟೇ ಕತ್ತರಿಸಿದೆ. ಸಿಕ್ಕಿಬಿದ್ದೆ. ಎಲ್ಲ ಮಿಷನ್ನುಗಳನ್ನೂ ನಿಲ್ಲಿಸಿ, ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, "ತಪ್ಪಾಯ್ತು, ಇನ್ನು ಹೀಗೆ ಮಾಡಲ್ಲ ಅಂತ ಎಲ್ಲರೆದುರು ಹೇಳು" ಅಂದರು. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿಯರು ಅವರೆಲ್ಲ. ಒಬ್ಬಳು ಅಳುತ್ತಿದ್ದಳು. ನಾನು ಕೊರಳಿನಿಂದ ಟೇಪು ತೆಗೆದು ಮೇಜಿನ ಮೇಲಿಟ್ಟು ಚಪ್ಪಲಿ ಹಾಕಿಕೊಂಡು ಬಂದೆ. ಒಂದೂ ಮಾತಾಡಲಿಲ್ಲ. ನಿನ್ನಷ್ಟು ಬಾಯಿ ನನಗಿಲ್ಲ.

"ತಪ್ಪಾಯ್ತು ಅಂದ್ರೆ ನಾಳೆಯಿಂದಲೇ ಬರಬಹುದು" ಅಂತ ಎರಡು ಸಲ ಹೇಳಿಕಳಿಸಿದರು. ಹೋಗಿಲ್ಲ.

ಹಾಗಿದ್ದ ಮೇಲೆ ನಿನಗೆ ಯಾಕೆ ಹಾಗೆ ಬರೆದೆ ಅಂತ ಕೇಳುತ್ತೀಯ, ಗೊತ್ತು. ಹೆದರಿಕೆ ಕಣೇ. ಒಬ್ಬಳು ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ, ಇನ್ನೊಬ್ಬಳು ಓದು ಬಿಟ್ಟು ಬಂದು ಪಕ್ಕದಲ್ಲಿ ಕೂತರೆ ಅಮ್ಮನ ಮುಖ ಹೇಗೆ ನೋಡಲಿ? ಒಬ್ಬರು ಮೊಂಡು ಹಿಡಿದರೆ ಇನ್ನೊಬ್ಬರಾದರೂ ಬಗ್ಗಬೇಕು, ಬಗ್ಗುವ ಸರದಿ ನಿನ್ನದಾಗಲಿ ಅಂದುಕೊಂಡೆ. ನಾಚಿಕೆಗೇಡಿನ ಲೆಕ್ಕ. ನಿನ್ನ ಕಾಗದ ಓದಿದ ಮೇಲೆ ನನಗೇ ಅಸಹ್ಯವಾಯಿತು.

ಬರೆದುಕೊಡಬೇಡ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು. ಆದರೆ ಒಂದು ಮಾತು. ಆ ಮೇಷ್ಟ್ರು ಹೇಳುವುದರಲ್ಲಿ ಸರಿಯಿದ್ದರೆ ಸರಿ ಅನ್ನು. ಗರಗಸಕ್ಕೆ ಬೇಡ ಅನ್ನುವುದು ಬೇರೆ, ಕಿವಿ ಮುಚ್ಚಿಕೊಳ್ಳುವುದು ಬೇರೆ.

ಅಕ್ಕ


ಡಿಸೆಂಬರ್ ೧೯

ಅಕ್ಕಾ,

ಫೇಲಾದೆ.

ಮೊದಲು ಅದನ್ನು ಓದಿ ಒಂದು ಲೋಟ ನೀರು ಕುಡಿದು ಬಾ. ಈಗ ಮಿಕ್ಕದ್ದು.

ಕುರ್ಚಿಯನ್ನು ಹಾಗೇ ಹೊತ್ತುಕೊಂಡು ಹೋದೆ. ಜಡೆಯವಳು ಮುಂದೆ ಮುಂದೆ ಓಡಿ ಬಾಗಿಲುಗಳನ್ನು ತೆರೆದಳು, ಕಾಲಿನಿಂದಲೇ. ಮುಖ್ಯಸ್ಥೆಯೂ ಬಂದು ಕೂತಿದ್ದರು. ಮೇಷ್ಟ್ರ ಕೈಯಲ್ಲಿ ಗರಗಸ ಇತ್ತು, ಆದರೆ ಹತ್ತಿರ ಬರಲಿಲ್ಲ. "ಸರಿ ಮಾಡ್ತೀನಿ ಅಂದಿದ್ದೆಯಲ್ಲ?" ಅಂದರು. ನಾನು ಕೂತು ತೋರಿಸಿದೆ. ಒಂದು ಕಾಲು ಮಡಚಿ. ನಮ್ಮಕ್ಕ ಅಳೆಯುವುದು ಹೀಗೆ, ಟೇಪಿನೊಳಗೆ ಎರಡು ಬೆರಳು ಇಟ್ಟು, ಅದಕ್ಕೇ ಇಲ್ಲಿ ನನಗೆ ಜಾಗ ಸಿಕ್ಕಿದೆ ಅಂದೆ.

ಅವರು ನನ್ನನ್ನು ಎಬ್ಬಿಸಿ ತಾವೇ ಕೂತರು. ತುಂಬ ಹೊತ್ತು ಕೂತರು. ಆ ಕಡೆ ವಾಲಿದರು, ಈ ಕಡೆ ವಾಲಿದರು, ತೋಳಿನ ಮೇಲೆ ಕೈ ಆಡಿಸಿದರು.

"ಒಳ್ಳೇ ಕುರ್ಚಿ" ಅಂದರು. "ಫೇಲ್."

"ಯಾಕೆ?"

"ನಾನು ಕೇಳಿದ್ದು ನಿನ್ನ ಮೈಗೆ ಕುರ್ಚಿ. ಇದು ನಿನ್ನ ಬಗ್ಗೆ ನಿಮ್ಮಕ್ಕ ಇಟ್ಕೊಂಡಿರೋ ಅಂದಾಜಿಗೆ ಕುರ್ಚಿ. ಜಾಗ ಸಿಕ್ಕಿದ್ದು ಅದೃಷ್ಟ. ನೀನು ಹುಡುಕಿದ್ದಲ್ಲ."

ಅಕ್ಕಾ, ಅವರು ಹೇಳಿದ್ದು ಸರಿ. ಕಪಾಳಕ್ಕೆ ಹೊಡೆದ ಹಾಗಾಯಿತು, ಆದರೂ ಸರಿ. ನೀನು ಹೇಳಿದ್ದು ನೆನಪಿಟ್ಟುಕೊಂಡು, "ಹೌದು, ಸರಿ" ಅಂದೆ. ಮೇಷ್ಟ್ರ ಹುಬ್ಬು ಮೇಲೇರಿತು.

ಆಗ ಮುಖ್ಯಸ್ಥೆ ಒಂದು ಹಾಳೆ ಮುಂದೆ ತಳ್ಳಿದರು. ಕ್ಷಮಾಪಣೆಯನ್ನು ಅವರೇ ಬರೆದಿಟ್ಟಿದ್ದರು! ಸಹಿ ಹಾಕಿ, ಮುಂಗಾಲಿನ ತುಂಡು ಗೋಡೆಗೆ ಹೋದರೆ ಪಾಸು ಮಾಡಲು ಅಡ್ಡಿಯಿಲ್ಲ ಅಂದರು. ಕುರ್ಚಿ ಸರಿಯಿಲ್ಲದಿದ್ದರೂ ಪರವಾಗಿಲ್ಲ, ಗೋಡೆಗೆ ತುಂಡು ಬೇಕು. ಅಲ್ಲಿಯವರೆಗೂ ನನಗೆ ಅಳು ಒತ್ತಿ ಬರುತ್ತಿತ್ತು. ಆ ಹಾಳೆ ನೋಡಿದ ಕೂಡಲೇ ಅಳು ಹೋಗಿ ಸಿಟ್ಟು ಬಂತು.

"ಫೇಲ್ ಅನ್ನೋದನ್ನ ಒಪ್ಕೋತೀನಿ. ಅದು ನ್ಯಾಯ. ಕ್ಷಮೆ ಕೇಳಲ್ಲ. ಕೇಳೋಂಥದ್ದು ನಾನೇನೂ ಮಾಡಿಲ್ಲ" ಅಂದೆ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಮುಂದಿನ ಅವಧಿಗೆ ಇದೇ ತರಗತಿಗೆ ನನ್ನನ್ನ ಮತ್ತೆ ಸೇರಿಸ್ಕೊಳ್ಳಿ" ಅಂದೆ.

ಹಾಗೂ ಒಂದು ನಿಯಮ ಇದೆಯಂತೆ ಅಕ್ಕಾ, ಜಡೆಯವಳು ಹುಡುಕಿ ತೆಗೆದದ್ದು. ಫೇಲಾದವರನ್ನು ಅದೇ ಮೇಷ್ಟ್ರು ಒಪ್ಪಿದರೆ ಮಾತ್ರ ಮತ್ತೆ ಕೂರಿಸಬಹುದು. ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಇದೇ ಮನುಷ್ಯನ ಕೈಗೆ ಎರಡನೇ ಸಲ ಯಾರು ತಲೆ ಕೊಡುತ್ತಾರೆ? ಮುಖ್ಯಸ್ಥೆ ಇಲ್ಲ ಎಂದು ತಲೆ ಆಡಿಸಿದರು. ಮೇಷ್ಟ್ರು ಗರಗಸವನ್ನು ಚೀಲಕ್ಕೆ ಹಾಕುತ್ತಾ, "ರಜೆ ಮುಗಿದ ಮೇಲೆ ಹೇಳ್ತೀನಿ" ಅಂದರು.

ರಜೆಗೆ ಎಲ್ಲರೂ ಊರಿಗೆ ಹೋದರು. ಇಡೀ ಕಟ್ಟಡದಲ್ಲಿ ನಾನೂ ಕಾವಲಿನವರೂ ಇಬ್ಬರೇ. ಪೆಟ್ಟಿಗೆ ಕಟ್ಟಿಲ್ಲ. ಕಟ್ಟಿದರೆ ಒಪ್ಪಿಕೊಂಡ ಹಾಗೆ.


ಜನವರಿ ೬

ಮೊಂಡೀ,

ಅಮ್ಮ ಒಂದು ದಿನ ಪೂರ್ತಿ ಅತ್ತಳು. ಮರುದಿನ ಪಕ್ಕದ ಮನೆಯವರು, "ಚಿಕ್ಕವಳು ಫೇಲಂತೆ?" ಅಂದಾಗ, "ಸುಳ್ಳು ಪಾಸು ಕೊಡ್ತೀನಿ ಅಂದ್ರು, ನನ್ನ ಮಗಳು ಬೇಡ ಅಂದ್ಲು" ಎಂದು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ನಿಂತಳು. ನಿನಗೆ ಈ ಬಾಯಿ ಎಲ್ಲಿಂದ ಬಂತು ಅಂತ ಇಷ್ಟು ದಿನ ಯೋಚಿಸುತ್ತಿದ್ದೆ.

ನಿನ್ನ ಮೇಷ್ಟ್ರು ಹೇಳಿದ್ದು ನನಗೂ ನಾಟಿತು. ನಿನ್ನ ಬಗ್ಗೆ ನಾನು ಇಟ್ಟುಕೊಂಡಿರುವ ಅಂದಾಜು. ನಿಜ, ನಿನ್ನ ಮೈ ನನಗೆ ಗೊತ್ತು ಅಂದುಕೊಂಡಿದ್ದೆ, ಆದರೆ ಒಬ್ಬಳೇ ಹಲಗೆಗಳ ನಡುವೆ ಕೂತು ತಿನ್ನುತ್ತಿದ್ದೆ ಅನ್ನುವುದು ನನ್ನ ಯಾವ ಅಳತೆಗೂ ಸಿಕ್ಕಿರಲಿಲ್ಲ. ಆ ಮನುಷ್ಯ ಕೆಟ್ಟವನಲ್ಲ. ಗರಗಸ ಮಾತ್ರ ಕೆಟ್ಟದ್ದು.

ನನ್ನ ಸುದ್ದಿ. ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಹಳೆಯ ಅಂಗಡಿಗಲ್ಲ, ಅದರ ನೇರ ಎದುರಿನದಕ್ಕೆ. ರಸ್ತೆ ದಾಟಿದೆ, ಅಷ್ಟೇ. ಚಿಕ್ಕ ಅಂಗಡಿ, ಮೂರೇ ಮಿಷನ್ನು, ಮಳೆ ಬಂದರೆ ಕತ್ತರಿಸುವ ಮೇಜನ್ನು ಗೋಡೆಯಿಂದ ಸರಿಸಬೇಕು. ಮೊದಲ ದಿನವೇ ಹೊಸ ಯಜಮಾನಿಗೆ, "ನಾನು ಒಳಗೆ ಬಟ್ಟೆ ಬಿಟ್ಟೇ ಕತ್ತರಿಸೋದು, ಆಗಲ್ಲ ಅಂದ್ರೆ ಈಗ್ಲೇ ಹೇಳಿ" ಅಂದೆ. ಅವರು ಕಿಟಕಿಯಿಂದ ಎದುರಿನ ಅಂಗಡಿಯನ್ನು ನೋಡಿ, "ಕಿಟಕಿ ಹತ್ತಿರ ಕೂತು ಕತ್ತರಿಸಿ, ಅವ್ರಿಗೂ ಕಾಣ್ಲಿ" ಅಂದರು. ಕಾಣುತ್ತಿದೆ. ಹಳೆಯ ಯಜಮಾನರು ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ಮುಖ ಆ ಕಡೆ ತಿರುಗಿಸುತ್ತಾರೆ. ನಾನು ತಿರುಗಿಸುವುದಿಲ್ಲ.

ಏನೇ ಆದರೂ ಮನೆ ಬಾಗಿಲು ತೆರೆದಿದೆ, ಬಂದುಬಿಡು ಅಂತ ಬರೆಯಲು ಅಮ್ಮ ಹೇಳಿದಳು. ಬರೆದೆ. ಈಗ ನನ್ನ ಮಾತು: ಬರಬೇಡ. ಹೋಗಬೇಡ ಅಂತ ಅತ್ತವಳೇ ಹೇಳುತ್ತಿದ್ದೇನೆ, ಬರಬೇಡ. ಅವರು ಕತ್ತು ಹಿಡಿದು ದಬ್ಬುವವರೆಗೂ ಅಲ್ಲೇ ಕೂತಿರು.

ಅಕ್ಕ


ಫೆಬ್ರವರಿ ೨೫

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ ಅಂತ ಬೈದುಕೊಂಡಿರುತ್ತೀಯ. ಬೈಯಿ. ಏನು ಬರೆದರೂ ಅರ್ಧ ಸುದ್ದಿಯಾಗುತ್ತಿತ್ತು. ಪೂರ್ತಿಯಾಗಲಿ ಅಂತ ಕಾದೆ.

ರಜೆ ಮುಗಿದ ದಿನ ಮೇಷ್ಟ್ರು ಕಾರ್ಯಾಗಾರಕ್ಕೆ ಬಂದು ನನ್ನ ಹಳೆಯ ಮೇಜನ್ನು ತೋರಿಸಿ, "ಇನ್ನೂ ಗುಡಿಸಿಲ್ವಾ?" ಅಂದರು. ಸೇರಿಸಿಕೊಂಡದ್ದನ್ನು ಹೇಳುವ ರೀತಿ ಅದು. ಮುಖ್ಯಸ್ಥೆಯ ಹತ್ತಿರ ಒಂದು ಗಂಟೆ ವಾದ ಮಾಡಿದರಂತೆ. ಏನು ವಾದವೋ ನನಗೆ ಹೇಳಲಿಲ್ಲ. ಗುಡಿಸು ಅಂದರು, ಗುಡಿಸಿದೆ.

ಮತ್ತೆ ಅದೇ ಒಂದು ಸಾಲಿನ ಕೆಲಸ. ನಿಮ್ಮ ಮೈಗೆ ಒಂದು ಕುರ್ಚಿ. ಹೊಸ ಮುಖಗಳ ನಡುವೆ ನಾನೊಬ್ಬಳೇ ಹಳಬಳು. ಅವರಿಗೆಲ್ಲ ನನ್ನ ಕಥೆ ಗೊತ್ತು. ನಾನು ಬಂದರೆ ಪಿಸುಪಿಸು ನಿಲ್ಲುತ್ತದೆ. ಈ ಸಲ ನಿನಗೆ ಬರೆದು ಅಳತೆ ಕೇಳಲಿಲ್ಲ, ಕೋಪ ಮಾಡಿಕೊಳ್ಳಬೇಡ. ಜಡೆಯವಳ ಕೈಗೆ ಟೇಪು ಕೊಟ್ಟೆ. "ನೆಟ್ಟಗೆ ಕೂತ್ಕೋ" ಅಂದಳು. "ನೆಟ್ಟಗೆ ಕೂತ್ರೆ ಅದು ನಾನಲ್ಲ" ಅಂದೆ. ಒಂದು ಕಾಲು ಮಡಚಿ ಕೂತೆ, ಹಾಗೇ ಅಳೆದಳು. ಬಿಗಿದು ಅಳೆದಳು, ಒಂದು ನೂಲೂ ಹೆಚ್ಚಿಲ್ಲ. ಅವಳು ಅಳೆದು ಮುಗಿಸುವಷ್ಟರಲ್ಲಿ ನನಗೆ ಕಚಗುಳಿಯಾಗಿ ಇಬ್ಬರೂ ನೆಲದ ಮೇಲೆ ಬಿದ್ದು ನಗುತ್ತಿದ್ದೆವು. ಟೇಪು ಹಿಡಿ ಅಂತ ಕೇಳುವುದು ಇಷ್ಟು ಸುಲಭ ಅಂತ ಸೆಪ್ಟೆಂಬರಿನಲ್ಲಿ ಯಾರಾದರೂ ಹೇಳಬಾರದಿತ್ತೇ?

ಆ ಅಳತೆಗೆ ಕುರ್ಚಿ ಮಾಡಿದೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ತೋಳು ಒಂದೇ ಕಡೆ. ನೋಡಿದವರು ಅರ್ಧಕ್ಕೆ ಬಿಟ್ಟಿದ್ದಾಳೆ ಅಂದುಕೊಳ್ಳಬೇಕು. ಕೂತರೆ ನನಗೆ ಬಿಟ್ಟು ಬೇರೆ ಯಾರಿಗೂ ಆಗಿಬರುವುದಿಲ್ಲ.

ನಿನ್ನೆ ಎಲ್ಲರೆದುರು ಇಡುವ ದಿನ. ನಾನು ಸಾಲಿನಲ್ಲಿ ಮೊದಲನೆಯವಳು. ಮೇಷ್ಟ್ರು ಬಂದರು, ಕೈಯಲ್ಲಿ ಗರಗಸ. ಹೊಸಬರೆಲ್ಲ ಕತ್ತು ಉದ್ದ ಮಾಡಿದರು. ಮುಖ್ಯಸ್ಥೆಯೂ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು. ಮೇಷ್ಟ್ರು ಕೂರು ಅಂದರು, ಕೂತೆ. ಮಡಚಿದ ಕಾಲು ಅದರ ಜಾಗಕ್ಕೆ ಹೋಯಿತು, ಇನ್ನೊಂದು ಪಾದ ಪೂರ್ತಿ ನೆಲಕ್ಕೆ ಊರಿತು. ಟೇಪು ತೆಗೆದು ನನ್ನನ್ನು ಅಳೆದರು, ಕುರ್ಚಿಯನ್ನು ಅಳೆದರು. ಮತ್ತೊಂದು ಸಲ ಅಳೆದರು. "ಇದು ನಿನ್ನ ಮೈ" ಅಂದರು.

ಆಮೇಲೆ ಹಿಂಬದಿಗೆ ಬಂದು ಬೆನ್ನಿನ ಮೇಲ್ತುದಿಯನ್ನು ಬೆರಳಿನಿಂದ ತಟ್ಟಿದರು. ಅಲ್ಲಿ ಒಂದು ಮೂಲೆ ಸ್ವಲ್ಪ ಹೆಚ್ಚಾಗಿದೆ, ನನಗೂ ಗೊತ್ತು. ಗರಗಸ ಎತ್ತಿದರು. ಅರ್ಧ ಎತ್ತಿ ನಿಲ್ಲಿಸಿದರು. ನನ್ನ ಕಡೆ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ, "ಮುಟ್ಟಬಹುದಾ?" ಅಂದರು.

ಅಕ್ಕಾ, ಆ ಗೋಡೆಯ ಮೇಲಿರುವ ಅಷ್ಟು ತುಂಡುಗಳಲ್ಲಿ ಒಂದೂ ಹೀಗೆ ಕೇಳಿ ಕೊಯ್ದದ್ದಲ್ಲ. ಕೇಳಿದ್ದೇ ಸಾಕು, ಹೂಂ ಅಂದುಬಿಡಲೇ ಅನ್ನಿಸಿತು. ಒಂದು ಕ್ಷಣ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಕಣ್ಣು ಮಂಜಾಯಿತು.

"ಬೇಡ" ಅಂದೆ.

ಅವರು ತಲೆಯಾಡಿಸಿ, ನನ್ನ ಹೆಸರಿನ ಮುಂದೆ ಪಾಸು ಎಂದು ಬರೆದು, ಪಕ್ಕದ ಮೇಜಿಗೆ ಹೋದರು. ಅಲ್ಲಿ ನಿಂತಿದ್ದವಳು ಹೊಸ ಹುಡುಗಿ. ಎಲ್ಲರಿಗಿಂತ ತಡವಾಗಿ ಬಂದು ಸೇರಿದವಳು, ಇಲ್ಲಿಯವರೆಗೆ ಒಬ್ಬರ ಹತ್ತಿರವೂ ಬಾಯಿ ಬಿಟ್ಟವಳಲ್ಲ. ಮೇಷ್ಟ್ರು ರೂಢಿಯಂತೆ ಗರಗಸವನ್ನು ಅವಳ ಕುರ್ಚಿಯ ಮೇಲೆ ಇಟ್ಟೇಬಿಟ್ಟರು, ಆಮೇಲೆ ಏನೋ ನೆನಪಾದವರಂತೆ ತೆಗೆದು ಅವಳನ್ನೂ ಕೇಳಿದರು. ಅವಳು ಮೇಷ್ಟ್ರ ಮುಖ ನೋಡಿದಳು, ಮುಖ್ಯಸ್ಥೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು.

ಅವಳೂ ಬೇಡ ಅಂದಳು.